ಧ್ವನಿಮುದ್ರಣದಲ್ಲಿ ಸುಯ್ಲು: ಕಾರಣಗಳು ಮತ್ತು ನಿವಾರಣೋಪಾಯಗಳು

ಕಣ್ಣಿಗೆ ರೆಪ್ಪೆಯನ್ನಿತ್ತ ಪ್ರಕೃತಿಯು ಕಿವಿಗೆ ಅದನ್ನು ಕೊಡಲಿಲ್ಲ. ನಾವು ಮಲಗಿರುವಾಗಲೂ ಕಿವಿಯು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದರೆ ಕೇಳಿದುದೆಲ್ಲವನ್ನೂ ಮನಸ್ಸು ಸ್ವೀಕರಿಸುವುದಿಲ್ಲ. ಗಡಿಯಾರದ ಟಿಕ್‌ಟಿಕ್, ಬೀಸಣಿಗೆಯ ತಿರುಗು, ದೂರದ ರೈಲಿನ ಸದ್ದು, ಇವನ್ನೆಲ್ಲ ಬದಿಗೆ ಸರಿಸಿ ಎದುರಿಗಿರುವವರ ಮಾತನ್ನಷ್ಟೇ ಆಯ್ದುಕೊಳ್ಳುವ ವಿವೇಕವು ಅದಕ್ಕುಂಟು. ಯಂತ್ರಕ್ಕೆ ಈ ವಿವೇಕವಿಲ್ಲ. ಅದು ಎಲ್ಲವನ್ನೂ ಸಮಭಾವದಿಂದ ದಾಖಲಿಸುತ್ತದೆ. ಸಾಲದುದಕ್ಕೆ ತನ್ನದೇ ಆದ ಒಂದು ಸದ್ದನ್ನೂ ಸೇರಿಸುತ್ತದೆ.

ಮನೆಯ ಸಮಾರಂಭದ, ನಾಟಕದ ಅಥವಾ ತಾಳಮದ್ದಳೆಯ ವಿಡಿಯೋ ಚಿತ್ರವನ್ನು ನೋಡಿದವರಿಗೆಲ್ಲ ಈ ಸದ್ದಿನ ಪರಿಚಯವಿದ್ದೇ ಇದೆ. ಚಿತ್ರವು ಸ್ವಚ್ಛವಾಗಿರುತ್ತದೆ, ಬಣ್ಣಗಳು ಸೊಗಸಾಗಿರುತ್ತವೆ, ಆದರೆ ಮಾತಿನ ಹಿಂದೆ ‘ಸ್‌ಸ್‌ಸ್’ ಎಂಬ ಎಡೆಬಿಡದ ಸದ್ದು, ಒಲೆಯ ಮೇಲಿನ ಒದ್ದೆ ಹೆಂಚಿನಂತೆ, ಕೇಳಿಸುತ್ತಲೇ ಇರುತ್ತದೆ. ಇದನ್ನು ಪ್ರಸ್ತುತ ಲೇಖನದಲ್ಲಿ ‘ಸುಯ್ಲು’ ಎಂದು ಕರೆಯೋಣ. ಇದು ಹುಟ್ಟುವುದು ಹೇಗೆ, ಇದನ್ನು ಕಡಿಮೆ ಮಾಡುವುದು ಹೇಗೆ ಮತ್ತು ಇದಕ್ಕೂ ನಮ್ಮ ಕಿವಿಯ ಆರೋಗ್ಯಕ್ಕೂ ಇರುವ ಸಂಬಂಧವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಯೋಚಿಸಿ ನೋಡಿ. ಕಳೆದ ಶತಮಾನದ ನಡುಭಾಗದಲ್ಲಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಪೀಳಿಗೆಯು ಇಂದು ನಮ್ಮ ನಡುವಿನಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಿದೆ. ಅವರ ಬಾಯಲ್ಲಿರುವ ಊರಿನ ಮಾತು, ಶೋಭಾನೆಯ ಹಾಡು, ಬೀಸುವ ಪದ, ಜೋಗುಳ, ವಲಸೆಯ ಕಥೆ ಇವು ಬಹುಪಾಲು ಯಾವ ಪುಸ್ತಕದಲ್ಲಿಯೂ ಇಲ್ಲ. ಅವುಗಳಿಗೆ ಉಳಿಯುವ ಸ್ಥಳವೆಂದರೆ ಮೊಮ್ಮಕ್ಕಳ ಕೈಯಲ್ಲಿರುವ ಕ್ಯಾಮೆರಾ ಒಂದೇ. ಆ ಕ್ಯಾಮೆರಾದಲ್ಲಿ ಮುಖ ಉಳಿದು ಮಾತು ಸುಯ್ಲಿನಲ್ಲಿ ಮುಳುಗಿಹೋದರೆ, ಉಳಿದದ್ದು ಅರ್ಧ ಮಾತ್ರ.

ಸುಯ್ಲಿನ ಹುಟ್ಟು

ಸುಯ್ಲಿನ ಮೂಲವು ಯಂತ್ರದ ಕೊಳೆಯಲ್ಲ, ಕಂಪನಿಯ ಮೋಸವೂ ಅಲ್ಲ. ಅದು ಪ್ರಕೃತಿಯ ನಿಯಮ. ಯಾವುದೇ ವಾಹಕದಲ್ಲಿರುವ ಎಲೆಕ್ಟ್ರಾನುಗಳು ಉಷ್ಣದ ಕಾರಣದಿಂದ ಸದಾ ಅಡ್ಡಾದಿಡ್ಡಿಯಾಗಿ ಚಲಿಸುತ್ತಿರುತ್ತವೆ. ಈ ಚಲನೆಯಿಂದ ಅತಿ ಸೂಕ್ಷ್ಮವಾದ ವಿದ್ಯುತ್ ಏರಿಳಿತವೊಂದು ಹುಟ್ಟುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜೆ. ಬಿ. ಜಾನ್ಸನ್ ಇದನ್ನು ಅಳೆದು ತೋರಿಸಿದರು. ಅವರ ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ ಅದರ ಗಣಿತವನ್ನು ವಿವರಿಸಿದರು. ಇವೆರಡೂ ಪ್ರಕಟವಾದುದು 1928ರಲ್ಲಿ. ಕೋಣೆಯ ಉಷ್ಣತೆಯಲ್ಲಿ 200 ಓಮ್ ರೋಧವುಳ್ಳ ಒಂದು ಮೈಕ್ರೊಫೋನು ಯಾವ ಶಬ್ದವನ್ನೂ ಕೇಳದೆ ಸುಮ್ಮನಿದ್ದರೂ ಶ್ರವ್ಯ ಆವೃತ್ತಿಗಳ ವ್ಯಾಪ್ತಿಯಲ್ಲಿ ಸುಮಾರು ಕಾಲು ಮೈಕ್ರೋವೋಲ್ಟಿನಷ್ಟು ಸುಯ್ಲನ್ನು ಹುಟ್ಟಿಸುತ್ತದೆ. ಒಂದು ಮೈಕ್ರೋವೋಲ್ಟ್ ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗ.

ಇಷ್ಟು ಚಿಕ್ಕ ಸದ್ದು ನಮ್ಮನ್ನು ಏಕೆ ಕಾಡಬೇಕು? ಏಕೆಂದರೆ ಮೈಕ್ರೊಫೋನಿನಿಂದ ಬರುವ ಮಾತಿನ ಸಂಕೇತವೂ ಬಹಳ ಚಿಕ್ಕದು. ಅದನ್ನು ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸಿದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಿಗ್ಗಿಸುವ ಪ್ರವರ್ಧಕವು ಮಾತನ್ನೂ ಸುಯ್ಲನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಜೊತೆಗೆ ತನ್ನ ಸುಯ್ಲನ್ನೂ ಬೆರೆಸುತ್ತದೆ. ಸಾಮಾನ್ಯ ವಿಡಿಯೋ ಕ್ಯಾಮೆರಾದಲ್ಲಿ ತಯಾರಕರ ಗಮನವೂ ಹಣವೂ ಮಸೂರ ಮತ್ತು ಚಿತ್ರಗ್ರಾಹಕದ ಮೇಲೆ ವ್ಯಯವಾಗುತ್ತವೆ. ಧ್ವನಿಯ ಭಾಗಕ್ಕೆ ಸಿಗುವುದು ಉಳಿದುದು ಮಾತ್ರ. ಆದ್ದರಿಂದ ಕ್ಯಾಮೆರಾದ ಒಳಗಿನ ಪ್ರವರ್ಧಕವು ಸಾಮಾನ್ಯವಾಗಿ ಪ್ರತ್ಯೇಕ ಧ್ವನಿಮುದ್ರಕದ್ದಕ್ಕಿಂತ ಹೆಚ್ಚು ಸುಯ್ಗುಟ್ಟುತ್ತದೆ.

ಇದರಿಂದ ಒಂದು ಮೂಲಸೂತ್ರವು ಸಿದ್ಧವಾಗುತ್ತದೆ: ಸುಯ್ಲಿನ ಪ್ರಮಾಣಕ್ಕಿಂತಲೂ ಮುಖ್ಯವಾದುದು ಮಾತಿಗೂ ಸುಯ್ಲಿಗೂ ಇರುವ ಅಂತರ. ಮಾತು ಬಲವಾಗಿ ಒಳಬಂದರೆ ಪ್ರವರ್ಧನವು ಕಡಿಮೆ ಸಾಕು. ಪ್ರವರ್ಧನವು ಕಡಿಮೆಯಾದರೆ ಸುಯ್ಲೂ ಕಡಿಮೆ. ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಈ ಒಂದು ಸೂತ್ರದ ವಿಸ್ತಾರವೇ ಆಗಿವೆ.

ಭಾರತದಲ್ಲಿ ಮೊಳೆತ ಒಂದು ಉಪಾಯ

ಸುಯ್ಲಿನ ವಿರುದ್ಧದ ಹೋರಾಟದಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ರೇ ಡಾಲ್ಬಿ ಎಂಬ ಅಮೆರಿಕದ ಇಂಜಿನಿಯರರು ಎಳೆಯ ವಯಸ್ಸಿನಲ್ಲಿಯೇ ಆಂಪೆಕ್ಸ್ ಸಂಸ್ಥೆಯ ತಂಡದೊಡನೆ ದುಡಿದವರು. 1956ರಲ್ಲಿ ಪ್ರದರ್ಶಿತವಾದ ವಿಡಿಯೋ ಟೇಪ್ ಯಂತ್ರವು ಆ ತಂಡದ ಸಾಧನೆ. 1963ರಿಂದ ಎರಡು ವರ್ಷ ಅವರು ವಿಶ್ವಸಂಸ್ಥೆಯ ಪರವಾಗಿ ಸಲಹೆಗಾರರಾಗಿ ಭಾರತದಲ್ಲಿದ್ದರು. ಇಲ್ಲಿನ ಸಂಗೀತವನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ ಟೇಪಿನ ಸುಯ್ಲನ್ನು ತಗ್ಗಿಸುವ ವಿಚಾರವು ಅವರ ಮನಸ್ಸಿನಲ್ಲಿ ರೂಪುಗೊಂಡಿತು. 1965ರಲ್ಲಿ ಅವರು ಲಂಡನ್ನಿನಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು. ಮನೆಬಳಕೆಯ ಟೇಪುಗಳಿಗಾಗಿ 1968ರಲ್ಲಿ ಬಂದ ‘ಡಾಲ್ಬಿ ಬಿ’ ವ್ಯವಸ್ಥೆಯು ಮುಂದೆ ಕ್ಯಾಸೆಟ್ಟುಗಳಲ್ಲಿ ಎಲ್ಲೆಡೆ ಹಬ್ಬಿತು.

ಈ ವ್ಯವಸ್ಥೆಯ ತತ್ತ್ವವು ಸರಳವಾದುದು. ಸಂಗೀತವು ಜೋರಾಗಿರುವಾಗ ಸುಯ್ಲು ಹೇಗೂ ಕೇಳಿಸುವುದಿಲ್ಲ. ಮೆಲುದನಿಯಲ್ಲಿ ಮಾತ್ರ ಕೇಳಿಸುತ್ತದೆ. ಆದ್ದರಿಂದ ಮೆಲುದನಿಯ ಎತ್ತರದ ಆವೃತ್ತಿಗಳನ್ನು ಮುದ್ರಿಸುವ ಮೊದಲೇ ಏರಿಸಿ ಟೇಪಿಗೆ ಕೊಡಬೇಕು. ನುಡಿಸುವಾಗ ಅಷ್ಟೇ ಪ್ರಮಾಣದಲ್ಲಿ ಇಳಿಸಬೇಕು. ಆಗ ಸಂಗೀತವು ತನ್ನ ಸಹಜ ಮಟ್ಟಕ್ಕೆ ಬರುತ್ತದೆ. ನಡುವೆ ಟೇಪು ಸೇರಿಸಿದ ಸುಯ್ಲು ಸುಮಾರು 10 ಡೆಸಿಬೆಲಿನಷ್ಟು ಕೆಳಗಿಳಿಯುತ್ತದೆ. ಇಲ್ಲಿ ನಾವು ಕಲಿಯಬೇಕಾದ ಪಾಠವೆಂದರೆ, ಮದ್ದನ್ನು ರೋಗ ಬಂದ ಮೇಲಲ್ಲ, ಬರುವ ಮೊದಲೇ ಕೊಡಬೇಕೆಂಬುದು. ಇಂದಿನ ಅಂಕೀಯ ಯಂತ್ರದಲ್ಲಿ ಟೇಪು ಇಲ್ಲದಿದ್ದರೂ ಈ ಪಾಠವು ಹಳತಾಗಿಲ್ಲ.

ಮೊದಲು ರೋಗನಿದಾನ

ವೈದ್ಯರು ಚಿಕಿತ್ಸೆಗೆ ಮೊದಲು ರೋಗವನ್ನು ಗುರುತಿಸುವಂತೆ ನಾವೂ ಸದ್ದಿನ ಜಾತಿಯನ್ನು ಗುರುತಿಸಬೇಕು. ‘ಸ್‌ಸ್’ ಎಂದು ಎಲ್ಲ ಆವೃತ್ತಿಗಳಲ್ಲಿಯೂ ಹರಡಿದ್ದು, ಮೇಲಿನ ಆವೃತ್ತಿಗಳಲ್ಲಿ ನಮಗೆ ಹೆಚ್ಚಾಗಿ ಕೇಳಿಸುವುದು ಸುಯ್ಲು. ‘ಹೂಂ’ ಎಂದು ದುಂಬಿಯಂತೆ ಮೊರೆಯುವುದು 50 ಅಥವಾ 100 ಹರ್ಟ್ಸಿನ ವಿದ್ಯುತ್ ಗುಂಯ್‌ಗಾಟ. ಅದಕ್ಕೆ ಕಾರಣ ಭೂಸಂಪರ್ಕದ ದೋಷ ಅಥವಾ ಮೈಕಿನ ತಂತಿಯು ವಿದ್ಯುತ್ ತಂತಿಯೊಡನೆ ಹೊಂದಿಕೊಂಡು ಹಾಯುವುದು. ಗುಡುಗಿನಂತೆ ಕೆಳಸ್ಥಾಯಿಯಲ್ಲಿ ಉರುಳುವುದು ವಾಹನ, ವಿಮಾನ ಮತ್ತು ಗಾಳಿಯ ಸದ್ದು. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಸುಯ್ಲು ಯಂತ್ರದಿಂದ ಬರುತ್ತಿದೆಯೋ ಕೋಣೆಯಿಂದ ಬರುತ್ತಿದೆಯೋ ಎಂಬುದನ್ನು ತಿಳಿಯಲು ಹೀಗೆ ಮಾಡಬೇಕು. ಮಾತಿಗಾಗಿ ಇಟ್ಟ ಪ್ರವರ್ಧನ ಮಟ್ಟವನ್ನು ಬದಲಿಸದೆ, ಮೊದಲು ಮೈಕನ್ನು ಕೋಣೆಯಲ್ಲಿ ತೆರೆದಿಟ್ಟು ಅರ್ಧ ನಿಮಿಷ ಮೌನವನ್ನು ಮುದ್ರಿಸಿರಿ. ಬಳಿಕ ಅದೇ ಮೈಕನ್ನು ದಪ್ಪ ಕಂಬಳಿಯಲ್ಲಿ ಸುತ್ತಿ, ಬಟ್ಟೆ ತುಂಬಿದ ಕಪಾಟಿನೊಳಗಿಟ್ಟು ಇನ್ನರ್ಧ ನಿಮಿಷ ಮುದ್ರಿಸಿರಿ. ಎರಡರಲ್ಲಿಯೂ ಸದ್ದು ಒಂದೇ ಸಮನಾಗಿದ್ದರೆ ದೋಷವು ಮೈಕು ಅಥವಾ ಕ್ಯಾಮೆರಾದಲ್ಲಿದೆ. ಕಪಾಟಿನೊಳಗೆ ಸದ್ದು ಬಹಳ ತಗ್ಗಿದರೆ ದೋಷವು ಕೋಣೆಯದು. ಈ ಒಂದು ನಿಮಿಷದ ಪರೀಕ್ಷೆಯು ಸಾವಿರಾರು ರೂಪಾಯಿಗಳ ಅನವಶ್ಯಕ ಖರೀದಿಯನ್ನು ತಪ್ಪಿಸಬಲ್ಲದು.

ವಿಲೆ ಪಾರ್ಲೆಯ ನಿವಾಸಿಗಳಾದ ನಮಗೆ ಕೋಣೆಯ ದೋಷವೇನೂ ಅಪರೂಪವಲ್ಲ. ಪಶ್ಚಿಮದಲ್ಲಿ ಎಸ್. ವಿ. ರಸ್ತೆ, ನಡುವೆ ಪಶ್ಚಿಮ ರೈಲ್ವೆ, ಪೂರ್ವದಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ, ಅದರಾಚೆ ವಿಮಾನ ನಿಲ್ದಾಣ. ಸಮುದ್ರದತ್ತ ಏರುವ ವಿಮಾನಗಳು ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ವಿಮಾನದ ಸದ್ದನ್ನು ಯಾವ ಯಂತ್ರವೂ ಪೂರ್ಣವಾಗಿ ಅಳಿಸಲಾರದು. ಅದು ಬಂದಾಗ ಮಾತನ್ನು ನಿಲ್ಲಿಸಿ, ಹೋದ ಮೇಲೆ ವಾಕ್ಯವನ್ನು ಮೊದಲಿನಿಂದ ಹೇಳಿಸುವುದೇ ಬುದ್ಧಿವಂತಿಕೆ. ರಸ್ತೆಗೆ ಬೆನ್ನಾದ ಒಳಕೋಣೆ, ಮುಚ್ಚಿದ ಕಿಟಕಿ, ದಪ್ಪ ಪರದೆ, ನೆಲದ ಮೇಲೆ ಜಮಖಾನೆ, ಹಾಸಿಗೆಯ ಮೇಲೆ ಮಡಿಸದ ರಜಾಯಿ, ಇವು ಕೋಣೆಯ ಪ್ರತಿಧ್ವನಿಯನ್ನು ಹೀರಿಕೊಂಡು ಮಾತನ್ನು ಸ್ಪಷ್ಟಗೊಳಿಸುತ್ತವೆ. ಆದುದರಿಂದ ಮಾತನ್ನು ಮುದ್ರಿಸಲು ಅಲಂಕೃತವಾದ ದಿವಾನಖಾನೆಗಿಂತ ಮಲಗುವ ಕೋಣೆಯು ಹೆಚ್ಚು ಯೋಗ್ಯವಾದುದು.

ನಿವಾರಣೋಪಾಯಗಳು

ಒಂದು: ಮೈಕನ್ನು ಬಾಯಿಯ ಸಮೀಪಕ್ಕೆ ತನ್ನಿರಿ. ಎಲ್ಲ ಉಪಾಯಗಳಲ್ಲಿ ಇದೇ ಮುಖ್ಯ; ಖರ್ಚೂ ಕಡಿಮೆ. ಬಯಲಿನಲ್ಲಿ ದೂರವು ಎರಡರಷ್ಟಾದಂತೆಲ್ಲ ಧ್ವನಿಯು 6 ಡೆಸಿಬೆಲ್ ಇಳಿಯುತ್ತದೆ. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ಕ್ಯಾಮೆರಾವು 4 ಮೀಟರ್ ದೂರದಲ್ಲಿದ್ದರೆ ಅದಕ್ಕೆ ನೇರವಾಗಿ ತಲುಪುವುದು 48 ಡೆಸಿಬೆಲ್. ಬೀಸಣಿಗೆ ತಿರುಗುವ ಕೋಣೆಯ ಗದ್ದಲವೇ ಸರಿಸುಮಾರು ಅಷ್ಟಿರುತ್ತದೆ. ಅದೇ ಮೈಕು ಬಾಯಿಯಿಂದ 25 ಸೆಂಟಿಮೀಟರ್ ದೂರದಲ್ಲಿದ್ದರೆ ಅದಕ್ಕೆ ಸಿಗುವುದು 72 ಡೆಸಿಬೆಲ್. 4 ಮೀಟರಿನಿಂದ 25 ಸೆಂಟಿಮೀಟರಿಗೆ ಬರುವಾಗ ದೂರವು ನಾಲ್ಕು ಬಾರಿ ಅರ್ಧವಾಯಿತು. ಲಾಭ 24 ಡೆಸಿಬೆಲ್. ಡಾಲ್ಬಿಯವರ ವ್ಯವಸ್ಥೆಯು ಕೊಟ್ಟ 10 ಡೆಸಿಬೆಲಿಗಿಂತ ಇದು ಎಷ್ಟು ಹೆಚ್ಚೆಂಬುದನ್ನು ಓದುಗರೇ ಗಮನಿಸಲಿ. ಕ್ಯಾಮೆರಾದ ಮಸೂರವು ದೂರದ ಮುಖವನ್ನು ಹತ್ತಿರಕ್ಕೆ ಎಳೆದು ತೋರಿಸಬಲ್ಲದು; ಕ್ಯಾಮೆರಾದ ಮೇಲಿನ ಮೈಕಿಗೆ ಅಂಥ ಶಕ್ತಿಯಿಲ್ಲ.

ಇದಕ್ಕಾಗಿ ಕೊರಳಪಟ್ಟಿಗೆ ಅಥವಾ ಸೆರಗಿಗೆ ಸಿಕ್ಕಿಸುವ ಚಿಕ್ಕ ಮೈಕು ಅನುಕೂಲವಾದುದು. ಇಂಥ ಮೈಕುಗಳಲ್ಲಿರುವುದು 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬವರು ರೂಪಿಸಿದ ಎಲೆಕ್ಟ್ರೆಟ್ ತತ್ತ್ವ. ಇದನ್ನು ಎದೆಯ ಮೇಲ್ಭಾಗದಲ್ಲಿ, ಗಲ್ಲದಿಂದ ಒಂದು ಗೇಣು ಕೆಳಗೆ ಇಡಬೇಕು. ಕರಿಮಣಿ, ಸರ, ರೇಷ್ಮೆಯ ಸೆರಗು ಮೈಕಿಗೆ ಉಜ್ಜದಂತೆ ನೋಡಿಕೊಳ್ಳಬೇಕು. ರೇಷ್ಮೆಯ ಸರಬರವು ಸುಯ್ಲಿಗಿಂತಲೂ ಕರ್ಕಶವಾಗಿ ಕೇಳಿಸುತ್ತದೆ.

ಎರಡು: ಸ್ವಯಂಚಾಲಿತ ಮಟ್ಟನಿಯಂತ್ರಣವನ್ನು ಆರಿಸಿರಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಧ್ವನಿಯು ಜೋರಾದಾಗ ಪ್ರವರ್ಧನವನ್ನು ಇಳಿಸುವ, ಮೆಲ್ಲನಾದಾಗ ಏರಿಸುವ ಏರ್ಪಾಡು ಇರುತ್ತದೆ. ಇದರ ಉಪದ್ರವವನ್ನು ಅರಿಯಬೇಕಾದರೆ ತಾಳಮದ್ದಳೆಯ ಮುದ್ರಣವನ್ನು ಕೇಳಬೇಕು. ಚೆಂಡೆಯ ಏರುಬಡಿತಕ್ಕೆ ಬೆದರಿದ ಯಂತ್ರವು ಮಟ್ಟವನ್ನು ಒಮ್ಮೆಲೇ ಕೆಳಗಿಳಿಸುತ್ತದೆ. ಪದ ಮುಗಿದು ಅರ್ಥಧಾರಿಯು ಮೆಲುದನಿಯಲ್ಲಿ ಮಾತನ್ನಾರಂಭಿಸುವಾಗ ಮೊದಲ ಒಂದೆರಡು ಶಬ್ದಗಳು ನುಂಗಿಹೋಗುತ್ತವೆ. ಆಮೇಲೆ ಯಂತ್ರವು ಮೆಲ್ಲಗೆ ಎಚ್ಚತ್ತು ಮಟ್ಟವನ್ನು ಏರಿಸತೊಡಗುತ್ತದೆ. ಅರ್ಥಧಾರಿಯ ಭಾವಪೂರ್ಣವಾದ ಮೌನದಲ್ಲಿ ಸುಯ್ಲು ಅಲೆಯಂತೆ ಉಕ್ಕಿಬರುತ್ತದೆ. ಕಲಾವಿದನ ಮೌನಕ್ಕೂ ಅರ್ಥವಿದೆಯೆಂಬುದು ಯಂತ್ರಕ್ಕೆ ತಿಳಿಯದು. ಆದ್ದರಿಂದ ಮಟ್ಟವನ್ನು ಕೈಯಿಂದಲೇ ನಿಗದಿಗೊಳಿಸಬೇಕು. ಅತಿ ಜೋರಾದ ಧ್ವನಿಗೆ ಮಾಪಕವು ಋಣ 12 ಡೆಸಿಬೆಲಿನ ಸುತ್ತ ಬರುವಂತಿರಲಿ, ಶೂನ್ಯವನ್ನು ಮುಟ್ಟಬಾರದು. ಮುಟ್ಟಿದರೆ ಧ್ವನಿಯು ಒಡೆಯುತ್ತದೆ. ಒಡೆದ ಧ್ವನಿಯನ್ನು ಕೂಡಿಸುವುದು ಸುಯ್ಲನ್ನು ತೆಗೆಯುವುದಕ್ಕಿಂತಲೂ ಕಷ್ಟ. ಮೊಬೈಲಿನಲ್ಲಿ ಚಿತ್ರೀಕರಿಸುವವರು ಧ್ವನಿಮಟ್ಟವನ್ನು ಕೈಯಿಂದ ನಿಯಂತ್ರಿಸಲು ಬಿಡುವ ಆ್ಯಪನ್ನು ಬಳಸಬೇಕು.

ಮೂರು: ಕ್ಯಾಮೆರಾದ ಪ್ರವರ್ಧಕಕ್ಕೆ ಕೆಲಸ ಕಡಿಮೆ ಮಾಡಿರಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಪ್ರತ್ಯೇಕ ಧ್ವನಿಮುದ್ರಕಗಳು ಈಗ ದೊರೆಯುತ್ತವೆ. ಮೈಕನ್ನು ಅದಕ್ಕೆ ಜೋಡಿಸಿ, 48,000 ಹರ್ಟ್ಸ್, 24 ಬಿಟ್ ಪ್ರಮಾಣದಲ್ಲಿ ಮುದ್ರಿಸಬಹುದು. 16 ಬಿಟ್ಟಿಗೆ ತಾತ್ತ್ವಿಕವಾಗಿ ಸುಮಾರು 96 ಡೆಸಿಬೆಲ್, 24 ಬಿಟ್ಟಿಗೆ ಸುಮಾರು 144 ಡೆಸಿಬೆಲ್ ವ್ಯಾಪ್ತಿಯಿರುವುದರಿಂದ ಮಟ್ಟವನ್ನು ಸ್ವಲ್ಪ ಕೆಳಗಿಟ್ಟರೂ ಹಾನಿಯಿಲ್ಲ. ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಚಿತ್ರವನ್ನೂ ಧ್ವನಿಯನ್ನೂ ಅನಂತರ ಹೊಂದಿಸಲು ಅದೇ ಗುರುತಾಗುತ್ತದೆ. ಧ್ವನಿಮುದ್ರಕದಿಂದ ಕ್ಯಾಮೆರಾಕ್ಕೆ ನೇರ ತಂತಿ ಕೊಡುವುದಾದರೆ, ಧ್ವನಿಮುದ್ರಕದ ಮಟ್ಟವು ಬಲವಾಗಿಯೂ ಕ್ಯಾಮೆರಾದ ಮಟ್ಟವು ಆದಷ್ಟು ಕೆಳಗೂ ಇರಲಿ.

ನಾಲ್ಕು: ಸಭಾಗೃಹದಲ್ಲಿ ಧ್ವನಿವರ್ಧಕದ ಮಿಶ್ರಕದಿಂದಲೇ ಧ್ವನಿಯನ್ನು ಪಡೆಯಿರಿ. ಸಭಾಭವನದ ಹಿಂದಿನ ಸಾಲಿನಲ್ಲಿ ಕ್ಯಾಮೆರಾ ಇಟ್ಟವರಿಗೆ ಇದು ಅತ್ಯುತ್ತಮ ಮಾರ್ಗ. ಆದರೆ ಮಿಶ್ರಕದ ಹೊರಗಂಡಿಯ ಸಂಕೇತವು ಮೈಕಿನದಕ್ಕಿಂತ 40ರಿಂದ 50 ಡೆಸಿಬೆಲಿನಷ್ಟು ಬಲವಾದುದು. ಕ್ಯಾಮೆರಾದ ಒಳಗಂಡಿಯನ್ನು ‘ಲೈನ್’ ಎಂದು ಬದಲಿಸದೆ, ಅಥವಾ ನಡುವೆ ತಗ್ಗಿಸುವ ಸಾಧನವಿಲ್ಲದೆ ಜೋಡಿಸಿದರೆ ಧ್ವನಿಯು ಪೂರ್ಣವಾಗಿ ಒಡೆದುಹೋಗುತ್ತದೆ. ಧ್ವನಿವರ್ಧಕದವರೊಡನೆ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಮಾತಾಡಿ ಪರೀಕ್ಷಿಸಬೇಕು. ಸ್ವಾಗತ ಭಾಷಣದ ನಡುವೆ ತಂತಿ ಹುಡುಕುವುದು ಯಾರಿಗೂ ಶೋಭೆಯಲ್ಲ. ಕ್ಯಾಮೆರಾದ ಸ್ವಂತ ಮೈಕನ್ನೂ ಇನ್ನೊಂದು ಪಥದಲ್ಲಿ ಚಾಲೂ ಇಟ್ಟರೆ ಸಭಿಕರ ಚಪ್ಪಾಳೆ, ನಗು ಉಳಿಯುತ್ತವೆ.

ಐದು: ಹತ್ತು ಸೆಕೆಂಡು ಮೌನವನ್ನು ಮುದ್ರಿಸಿರಿ. ಮಾತು ಆರಂಭವಾಗುವ ಮೊದಲು ಯಾರೂ ಅಲುಗಾಡದೆ ಕುಳಿತ ಈ ಮೌನದಲ್ಲಿ ಆ ಕೋಣೆಯ, ಆ ಯಂತ್ರದ ಸುಯ್ಲು ಮಾತ್ರ ದಾಖಲಾಗಿರುತ್ತದೆ. ಇದರ ಉಪಯೋಗವನ್ನು ಮುಂದೆ ನೋಡೋಣ.

ಮುದ್ರಣದ ಅನಂತರ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಮುದ್ರಣವಾದ ಬಳಿಕ ಸುಯ್ಲನ್ನು ತೆಗೆಯುವ ಯತ್ನಕ್ಕೆ ಒಂದು ಮಿತಿಯಿದೆ. ಆದರೂ ಹಳೆಯ ಮುದ್ರಣಗಳಿಗೆ ಬೇರೆ ದಾರಿಯಿಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ, ಮೇಲೆ ಹೇಳಿದ ಮೌನದ ಭಾಗವನ್ನು ಆಯ್ದು ಸುಯ್ಲಿನ ಮಾದರಿಯಾಗಿ ತೋರಿಸಬೇಕು. ಬಳಿಕ ಇಡೀ ಮುದ್ರಣಕ್ಕೆ ಶೋಧನೆಯನ್ನು ಅನ್ವಯಿಸಬೇಕು. 6ರಿಂದ 12 ಡೆಸಿಬೆಲ್ ತಗ್ಗಿಸಿದರೆ ಸಾಕು. ಅತಿಯಾಸೆಯಿಂದ ಹೆಚ್ಚು ತಗ್ಗಿಸಿದರೆ ಮಾತು ನೀರಿನೊಳಗಿಂದ ಬಂದಂತೆ ಗುಳುಗುಳಿಸುತ್ತದೆ. ತೆಗೆದುಹಾಕಿದ ಭಾಗವನ್ನಷ್ಟೇ ಕೇಳಿಸುವ ಆಯ್ಕೆಯೂ ಅದರಲ್ಲಿದೆ. ಅದರಲ್ಲಿ ಮಾತಿನ ತುಣುಕುಗಳು ಕೇಳಿಬಂದರೆ ಶೋಧನೆಯು ಮಿತಿಮೀರಿದೆಯೆಂದು ತಿಳಿಯಬೇಕು.

ಇಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ವರ್ಣಮಾಲೆಯ ಶ, ಷ, ಸ ಎಂಬ ಊಷ್ಮಾಕ್ಷರಗಳು ಸ್ವಭಾವತಃ ಸುಯ್ಲುಗಳೇ. ಬಾಯಿಯ ಇಕ್ಕಟ್ಟಿನಲ್ಲಿ ನುಸುಳುವ ಗಾಳಿಯಿಂದ ಅವು ಹುಟ್ಟುತ್ತವೆ. ಸಕಾರದ ಶಕ್ತಿಯು ಬಹುಪಾಲು 4,000 ಹರ್ಟ್ಸಿಗಿಂತ ಮೇಲಿದೆ. ಹಳೆಯ ದೂರವಾಣಿಯು 3,400 ಹರ್ಟ್ಸಿಗೆ ಮೇಲಿನ ಧ್ವನಿಯನ್ನು ಸಾಗಿಸುತ್ತಿರಲಿಲ್ಲವಾದ್ದರಿಂದಲೇ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಸುಯ್ಲು ಕೇಳಬಾರದೆಂದು ಮೇಲಿನ ಆವೃತ್ತಿಗಳನ್ನೆಲ್ಲ ಕತ್ತರಿಸುವುದು ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತೆ; ಸುಯ್ಲಿನೊಡನೆ ಅಕ್ಷರಗಳೂ ಹೋಗುತ್ತವೆ.

ಸಂಗೀತದಲ್ಲಿ ಇನ್ನೊಂದು ಅಪಾಯವಿದೆ. ಎಡೆಬಿಡದೆ ಒಂದೇ ಸಮನಾಗಿರುವ ಸದ್ದನ್ನು ತಂತ್ರಾಂಶವು ಗದ್ದಲವೆಂದು ಬಗೆಯುತ್ತದೆ. ತಂಬೂರಿ ಮತ್ತು ಶ್ರುತಿಪೆಟ್ಟಿಗೆಗಳ ನಾದವಾದರೋ ಒಂದೇ ಸಮನಾಗಿರುವುದೇ ಧರ್ಮ. ಮೌನದ ಮಾದರಿಯಲ್ಲಿ ಶ್ರುತಿಯು ಸೇರಿದ್ದರೆ ಹಾಡಿನ ಆಧಾರವೇ ಅಳಿಸಿಹೋಗುತ್ತದೆ. ಕೃತಕ ಬುದ್ಧಿಮತ್ತೆಯನ್ನು ಬಳಸುವ ಇಂದಿನ ಶೋಧಕಗಳು ಮಾತನ್ನು ಬೆರಗಾಗುವಷ್ಟು ಸ್ವಚ್ಛಗೊಳಿಸಬಲ್ಲವಾದರೂ ಬಳೆಯ ಸದ್ದು, ತೊಟ್ಟಿಲಿನ ಕಿರುಗುಟ್ಟುವಿಕೆ, ಅಜ್ಜಿಯ ನಿಟ್ಟುಸಿರು ಇವುಗಳನ್ನು ಕಸವೆಂದು ಗುಡಿಸಿಹಾಕುವ ಸಂಭವವಿದೆ. ಆದ್ದರಿಂದ ಮೂಲ ಮುದ್ರಣವನ್ನು ಎಂದೂ ಅಳಿಸಬಾರದು. ಶೋಧಿಸಿದ್ದು ಕೇಳುವುದಕ್ಕೆ, ಮೂಲವು ಕಾಪಿಡುವುದಕ್ಕೆ.

ಹಳೆಯ ಕ್ಯಾಸೆಟ್ಟುಗಳ ಗತಿ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಳಿಕ ಬಣ್ಣದ ದೂರದರ್ಶನದೊಡನೆ ವಿಡಿಯೋ ಕ್ಯಾಸೆಟ್ಟುಗಳೂ ನಮ್ಮ ಮನೆಗಳಿಗೆ ಬಂದವು. ಆ ಕಾಲದ ಮದುವೆ, ಉಪನಯನ, ಷಷ್ಟ್ಯಬ್ದಿಗಳ ವಿ.ಎಚ್.ಎಸ್. ಟೇಪುಗಳು ಇಂದಿಗೂ ಅನೇಕ ಕಪಾಟುಗಳಲ್ಲಿವೆ. ಆ ಟೇಪಿನ ಅಂಚಿನ ಧ್ವನಿಪಥವು ಸೆಕೆಂಡಿಗೆ ಕೇವಲ 2.34 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಸಾಮಾನ್ಯ ಧ್ವನಿ ಕ್ಯಾಸೆಟ್ಟಿನ ವೇಗ 4.76 ಸೆಂಟಿಮೀಟರ್. ವೇಗ ಕಡಿಮೆಯಾದಂತೆ ಸುಯ್ಲು ಹೆಚ್ಚು. ಅವುಗಳಲ್ಲಿ ಸುಯ್ಲು ಅಷ್ಟೊಂದಿರುವುದಕ್ಕೆ ಇದೊಂದು ಮುಖ್ಯ ಕಾರಣ. 1980ರ ದಶಕದ ಮಧ್ಯದಲ್ಲಿ ಬಂದ ‘ಹೈ-ಫೈ’ ಪದ್ಧತಿಯಲ್ಲಿ ಮುದ್ರಿಸಿದ ಟೇಪಾಗಿದ್ದರೆ ಅದಕ್ಕೆ ಹೈ-ಫೈ ಯಂತ್ರವನ್ನೇ ಬಳಸಬೇಕು. ಸುಯ್ಲು ಬಹಳ ಕಡಿಮೆಯಿರುತ್ತದೆ. ಹಾಗೆಯೇ ಡಾಲ್ಬಿಯಲ್ಲಿ ಮುದ್ರಿಸಿದ ಧ್ವನಿ ಕ್ಯಾಸೆಟ್ಟನ್ನು ಡಾಲ್ಬಿ ಗುಂಡಿಯನ್ನು ಒತ್ತಿಯೇ ನುಡಿಸಬೇಕು.

ಮುಂಬಯಿಯ ಮಳೆಗಾಲದ ತೇವದಲ್ಲಿ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ. ಬಿಳಿಯ ಪುಡಿ ಕಾಣಿಸಿದ ಟೇಪನ್ನು ಯಂತ್ರಕ್ಕೆ ಹಾಕಬಾರದು. ಯಂತ್ರವೂ ಕೆಡುತ್ತದೆ, ಮುಂದಿನ ಟೇಪಿಗೂ ಬೂಷ್ಟು ಅಂಟುತ್ತದೆ. ಆಸ್ತಮಾ ಅಥವಾ ಅಲರ್ಜಿ ಇರುವವರು ಅಂಥ ಟೇಪನ್ನು ತೆರೆಯಲೇಬಾರದು. ಇತರರೂ ಮುಖವಸ್ತ್ರ ಧರಿಸಿ ತೆರೆಯಬೇಕು. ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯಿ 2016ರ ಜುಲೈಯಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಇರುವ ಯಂತ್ರಗಳೂ ಸವೆಯುತ್ತಿವೆ. ಆದ್ದರಿಂದ ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮುಂದೂಡಬಾರದು. ಅಂಕೀಯಗೊಳಿಸಿದ ಮೇಲೆ ಮೂರು ಪ್ರತಿಗಳಿರಲಿ. ಒಂದಾದರೂ ಬೇರೆ ಮನೆಯಲ್ಲಿರಲಿ.

ಕಿವಿಯ ಆರೋಗ್ಯ

ಸುಯ್ಲನ್ನು ಅಳೆಯುವ ಕೊನೆಯ ಯಂತ್ರ ನಮ್ಮ ಕಿವಿಯೇ. ಎಳೆಯ ಕಿವಿಯು 20ರಿಂದ 20,000 ಹರ್ಟ್ಸಿನವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಆವೃತ್ತಿಗಳ ಶ್ರವಣ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಅರುವತ್ತು ದಾಟಿದ ಛಾಯಾಗ್ರಾಹಕರಿಗೆ ‘ಸುಯ್ಲೇ ಇಲ್ಲ’ವೆಂದು ತೋರುವ ಮುದ್ರಣದಲ್ಲಿ ಕಾಲೇಜಿನ ಹುಡುಗಿಯೊಬ್ಬಳಿಗೆ ಅದು ಸ್ಪಷ್ಟವಾಗಿ ಕೇಳಿಸಬಹುದು. ಪರೀಕ್ಷಿಸುವ ಕೆಲಸವನ್ನು ಕಿರಿಯರಿಗೆ ಒಪ್ಪಿಸುವುದು ಒಳ್ಳೆಯದು. ಇನ್ನೊಂದೆಡೆ, ಶ್ರವಣ ಕುಂದಿದ ಹಿರಿಯರಿಗೆ ಗದ್ದಲದ ನಡುವಿನ ಮಾತನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ. ಸ್ವಚ್ಛವಾದ ಮುದ್ರಣದಿಂದ ಹೆಚ್ಚು ಉಪಕಾರವಾಗುವುದು ಅವರಿಗೇ.

ಸುಯ್ಲನ್ನು ಹುಡುಕುವ ಉತ್ಸಾಹದಲ್ಲಿ ಹೆಡ್‌ಫೋನಿನ ಧ್ವನಿಯನ್ನು ಏರಿಸುವುದು ಅಪಾಯಕರ. ಒಮ್ಮೆಲೇ ಯಾರಾದರೂ ಕೂಗಿದರೆ ಕಿವಿಗೆ ಪೆಟ್ಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾನದಂಡದಲ್ಲಿ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ ಅಷ್ಟೇ ಗಂಟೆ ಎಂಬ ಮಿತಿಯನ್ನು ಸೂಚಿಸಿದೆ. ಮಟ್ಟವು 3 ಡೆಸಿಬೆಲ್ ಏರಿದರೆ ಅವಧಿಯು ಅರ್ಧಕ್ಕಿಳಿಯಬೇಕು.

ಯಂತ್ರವನ್ನು ಆರಿಸಿದ ಮೇಲೂ ಸುಯ್ಲು ಕೇಳಿಸುತ್ತಿದ್ದರೆ ದೋಷವು ಯಂತ್ರದ್ದಲ್ಲ; ಅದು ಕರ್ಣನಾದವೆಂಬ ತೊಂದರೆಯಿರಬಹುದು. ಅದು ನಿಲ್ಲದೆ ಮುಂದುವರಿದರೆ ಕಿವಿ-ಮೂಗು-ಗಂಟಲಿನ ತಜ್ಞರನ್ನು ಕಾಣಬೇಕು. ಒಂದು ಕಿವಿಯ ಶ್ರವಣವು ಹಠಾತ್ತಾಗಿ ಕುಂದಿದರಂತೂ ಒಂದು ದಿನವೂ ತಡಮಾಡಬಾರದು. ಬೇಗ ಚಿಕಿತ್ಸೆ ದೊರೆತಷ್ಟೂ ಗುಣವಾಗುವ ಸಂಭವ ಹೆಚ್ಚು. ಶ್ರವಣಪರೀಕ್ಷೆಗೆ ನಮಗೆ ಸಮೀಪದಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯಿದೆ. ಊರಿಗೆ ಹೋದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಹಿರಿಯರನ್ನು ಮುದ್ರಿಸುವಾಗ

ಸುಯ್ಲಿಗಿಂತ ಹಿರಿಯರ ದೇಹಸ್ಥಿತಿ ಮುಖ್ಯವೆಂಬುದನ್ನು ಎಂದೂ ಮರೆಯಬಾರದು. ಕಿಟಕಿ ಮುಚ್ಚಿ ಬೀಸಣಿಗೆ ನಿಲ್ಲಿಸಿದ ಮುಂಬಯಿಯ ಕೋಣೆಯು ಏಪ್ರಿಲ್-ಮೇ ತಿಂಗಳುಗಳಲ್ಲಿ ಬಹು ಬೇಗ ಕುಲುಮೆಯಾಗುತ್ತದೆ. ಹದಿನೈದು ನಿಮಿಷ ಮುದ್ರಿಸಿ, ಬೀಸಣಿಗೆ ಹಾಕಿ, ನೀರು ಕೊಟ್ಟು, ವಿಶ್ರಮಿಸಿ ಮುಂದುವರಿಸಬೇಕು. ಬೆಳಗಿನ ಹೊತ್ತು ಉತ್ತಮ; ಧ್ವನಿಯೂ ತಾಜಾ ಇರುತ್ತದೆ. ಕೃತಕ ದಂತಪಂಕ್ತಿಯಿದ್ದರೆ ಹಾಕಿಕೊಂಡೇ ಮಾತಾಡಲಿ, ಊಷ್ಮಾಕ್ಷರಗಳು ಸ್ಪಷ್ಟವಾಗುತ್ತವೆ. ಸದ್ದು ಮಾಡುತ್ತದೆಂದು ಆಮ್ಲಜನಕದ ಯಂತ್ರವನ್ನಾಗಲಿ ಇತರ ವೈದ್ಯಕೀಯ ಉಪಕರಣವನ್ನಾಗಲಿ ಒಂದು ಕ್ಷಣವೂ ನಿಲ್ಲಿಸಬಾರದು. ಆ ಸದ್ದು ಮುದ್ರಣದಲ್ಲಿ ಉಳಿದರೆ ಉಳಿಯಲಿ. ಫ್ರಿಜ್ಜನ್ನು ನಿಲ್ಲಿಸುವವರು ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟರೆ ಮತ್ತೆ ಚಾಲೂ ಮಾಡಲು ಮರೆಯಲಾರರು. ಒಳಗೆ ಇನ್ಸುಲಿನ್ ಇದ್ದರೆ ಇದು ಅತ್ಯಗತ್ಯ. ಬಳಸದ ಇನ್ಸುಲಿನ್ ಸೀಸೆಯು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಬೇಕು.

ನೆನಪಿಡಬೇಕಾದ ಅಂಶಗಳು

1. ಮೈಕು ಬಾಯಿಯಿಂದ ಒಂದು ಗೇಣು ದೂರದಲ್ಲಿರಲಿ.
2. ಮಟ್ಟವನ್ನು ಕೈಯಿಂದ ನಿಗದಿಗೊಳಿಸಿ, ಋಣ 12 ಡೆಸಿಬೆಲಿನ ಸುತ್ತ ಇರಿಸಿರಿ.
3. ಸಾಧ್ಯವಿದ್ದಲ್ಲಿ ಪ್ರತ್ಯೇಕ ಧ್ವನಿಮುದ್ರಕವನ್ನು ಬಳಸಿರಿ.
4. ಆರಂಭದಲ್ಲಿ ಹತ್ತು ಸೆಕೆಂಡು ಮೌನವನ್ನು ಮುದ್ರಿಸಿರಿ.
5. ಹೆಡ್‌ಫೋನಿನಲ್ಲಿ ಮಿತವಾದ ಮಟ್ಟದಲ್ಲಿ ಕೇಳುತ್ತಿರಿ.
6. ಮೂಲ ಮುದ್ರಣವನ್ನು ಅಳಿಸದೆ, ಮೂರು ಪ್ರತಿಗಳನ್ನಿಟ್ಟುಕೊಳ್ಳಿರಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿಲ್ಲ. ಬೇಕಾದುದು ಸ್ವಲ್ಪ ಸಹನೆ, ಸ್ವಲ್ಪ ಗಮನ. ಪೂರ್ಣವಾಗಿ ಸುಯ್ಲಿಲ್ಲದ ಮುದ್ರಣವು ನಿಸರ್ಗದಲ್ಲಿಯೇ ಸಾಧ್ಯವಿಲ್ಲವೆಂಬುದನ್ನು ಜಾನ್ಸನ್ನರ ಪ್ರಯೋಗವು ತೋರಿಸಿಕೊಟ್ಟಿದೆ. ಆದುದರಿಂದ ಅತ್ಯುತ್ತಮವಾದ ಮೈಕನ್ನು ಕೊಂಡ ಮೇಲೆ ಮುದ್ರಿಸೋಣವೆಂದು ಕಾಯುತ್ತ ಕೂರಬೇಕಾಗಿಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಇರುವ ಮೊಬೈಲನ್ನೇ ಅವರ ಹತ್ತಿರಕ್ಕೆ ಒಯ್ದು, ಬರುವ ಭಾನುವಾರವೇ ಆರಂಭಿಸುವುದು ಲೇಸು.